ಇಲ್ಲೇ ಒಂದು ಮೈಲಿ ಅಂದರೆ ಎಷ್ಟು ದೂರ?

ನಮ್ಮ ಮಾತಿನಲ್ಲಿ ಮೂರು ಥರದ ಮೈಲಿ ಇದೆ. ಮಳೆಗಾಲ ಹತ್ತಿರ ಬಂದ ಕೂಡಲೇ ಅಡಿಕೆ ತೋಟದವರೆಲ್ಲ ಹುಡುಕುವ ಮೈಲುತುತ್ತದಲ್ಲಿ ಒಂದು. ಅದು ದೂರದ ಮೈಲು ಅಲ್ಲ, ನವಿಲು. ತಮಿಳಿನಲ್ಲಿ ನವಿಲಿಗೆ ಮಯಿಲ್ ಅಂತಾರೆ. ನವಿಲಿನ ಕತ್ತಿನ ನೀಲಿ ಇರುವ ತುತ್ತ, ಹಾಗಾಗಿ ಮೈಲುತುತ್ತ. ಎರಡನೆಯದು ಹಳಬರು ಹೇಳುವ ಮೈಲಿ ಬೇನೆ, ಅಂದರೆ ಸಿಡುಬು. ‘ಮೈಲಿ ಹಾಕಿಸೋದು’ ಅಂದರೆ ಸಿಡುಬಿನ ಲಸಿಕೆ ಹಾಕಿಸೋದು. ತೋಳಿನ ಮೇಲೆ ಆ ಕಲೆ ಇರುವವರು ಇನ್ನೂ ನಮ್ಮ ನಡುವೆ ಇದ್ದಾರೆ. ಮೂರನೆಯದು ದಾರಿಯ ಮೈಲಿ. ಕಿಲೋಮೀಟರ್ ಬಂದು ಅರವತ್ತು ವರ್ಷ ಆದರೂ ‘ಇಲ್ಲೇ ಒಂದ್ ಮೈಲಿ ಅಷ್ಟೇ’ ಅನ್ನೋದನ್ನ ನಾವು ಬಿಟ್ಟಿಲ್ಲ.

ಈ ಬರಹ ಮೂರನೆಯದರ ಬಗ್ಗೆ. ಈಗ ಬರೆಯಲಿಕ್ಕೆ ಕಾರಣ ಇದೆ. ನಮ್ಮ ಸುತ್ತಿನ ಒಂದು ಮಜರೆಯ ಚಿಕ್ಕ ಶಾಲೆಯಲ್ಲಿ ಮಕ್ಕಳು ಕಡಿಮೆ ಆಗಿದ್ದಾರೆ. ಅದನ್ನು ಪಕ್ಕದ ಶಾಲೆಗೆ ಸೇರಿಸಬಹುದು ಅನ್ನೋ ಮಾತು ಎದ್ದಿದೆ. ಪಕ್ಕದ ಶಾಲೆ ಎಷ್ಟು ದೂರ? ಕಾಗದದ ಮೇಲೆ 900 ಮೀಟರ್. ಆ ಮಜರೆಯ ತಾಯಂದಿರನ್ನು ಕೇಳಿದರೆ, ‘ಒಂದೂವರೆ ಮೈಲಿ ಆಗ್ತದೆ ಮಾರಾಯ್ರೆ, ಮಳೆಗಾಲದಲ್ಲಿ ಇನ್ನೂ ಜಾಸ್ತಿ’ ಅಂತಾರೆ. ಇಬ್ಬರೂ ಸುಳ್ಳು ಹೇಳ್ತಾ ಇಲ್ಲ. ಕಾಗದದವರು ಮೊಬೈಲಿನ ನಕ್ಷೆಯ ಮೇಲೆ ಗದ್ದೆಬಯಲು, ಹಳ್ಳ ಎಲ್ಲವನ್ನೂ ದಾಟಿಸಿ ಒಂದು ಗೆರೆ ಎಳೆದಿದ್ದಾರೆ. ತಾಯಂದಿರು ಮಗುವಿನ ಕೈ ಹಿಡಿದು ಸೇತುವೆ ಸುತ್ತಿ ನಡೆದಿದ್ದಾರೆ. ಒಂದೇ ದೂರಕ್ಕೆ ಎರಡು ಅಳತೆ. ಯಾವುದನ್ನು ಒಪ್ಪಿಕೊಳ್ಳುತ್ತಾರೆ ಅನ್ನೋದರ ಮೇಲೆ ಆರು ವರ್ಷದ ಮಕ್ಕಳು ಎಲ್ಲಿಗೆ ನಡೆಯಬೇಕು ಅನ್ನೋದು ತೀರ್ಮಾನ ಆಗ್ತದೆ.

ಆ ಅರ್ಜಿಗೆ ಬರೆಯೋದಕ್ಕೆ ಕೈ ಹಾಕಿದಾಗ ಮೈಲಿಯ ಕತೆ ಓದುತ್ತಾ ಹೋದೆ. ಈ ಜಗಳ ಇವತ್ತಿನದಲ್ಲ, ಎರಡು ಸಾವಿರ ವರ್ಷದ್ದು ಅನ್ನೋದು ಗೊತ್ತಾಯ್ತು.

ಮೊದಲು ನಮ್ಮವೇ ಅಳತೆಗಳನ್ನು ನೋಡೋಣ. ಹತ್ತಿರಕ್ಕೆ ಮಾರು. ಅದಕ್ಕಿಂತ ಆಚೆಗೆ ಕೂಗಳತೆ. ಈ ಕಡೆ ನಿಂತು ಕೂ ಹಾಕಿದರೆ ಆ ಕಡೆಯವರಿಗೆ ಕೇಳುವಷ್ಟು ದೂರ. ಇದು ಬರೀ ಹಳ್ಳಿ ಮಾತು ಅಂದುಕೊಳ್ಳಬೇಡಿ. ಪುರಾಣದಲ್ಲಿ ಬರುವ ‘ಕ್ರೋಶ’ ಅಂದರೂ ಸಂಸ್ಕೃತದಲ್ಲಿ ಕೂಗು ಅಂತಲೇ ಅರ್ಥ. ಆಕ್ರೋಶದಲ್ಲಿ ಇರೋದೂ ಅದೇ ಕ್ರೋಶ. ಹಿಂದಿಯವರ ಕೋಸ್ ಹುಟ್ಟಿದ್ದು ಅದರಿಂದ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ಗೋರುತ’ ಅಂತ ಒಂದು ಅಳತೆ ಇದೆ. ಗೋ ಅಂದರೆ ದನ, ರುತ ಅಂದರೆ ಕೂಗು. ದನ ಅಂಬಾ ಅಂದರೆ ಕೇಳುವಷ್ಟು ದೂರ. ನಾಲ್ಕು ಗೋರುತಕ್ಕೆ ಒಂದು ಯೋಜನ. ದನ ಮೇಯಿಸಿದವನು ಮಾಡಿದ ಅಳತೆ ಅದು, ಪಂಡಿತರು ಆಮೇಲೆ ಪುಸ್ತಕಕ್ಕೆ ಹಾಕಿಕೊಂಡಿದ್ದಾರೆ. ಆ ಪುಸ್ತಕದ ಓಲೆಗರಿ ಸಿಕ್ಕಿದ್ದು ನಮ್ಮ ಮೈಸೂರಿನಲ್ಲೇ. ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅದನ್ನು ಅಚ್ಚು ಮಾಡಿಸಿದರು.

ಇನ್ನೂ ದೂರಕ್ಕೆ ಹರದಾರಿ, ಗಾವುದ. ಹರದಾರಿ ಅಂದರೆ ಸುಮಾರು ಮೂರು ಮೈಲಿ, ಗಾವುದ ಅಂದರೆ ಸುಮಾರು ಹನ್ನೆರಡು ಮೈಲಿ ಅಂತ ನಿಘಂಟುಗಳು ಹೇಳುತ್ತವೆ. ಆ ಲೆಕ್ಕದಲ್ಲಿ ಗುಡ್ನಾಪುರದಿಂದ ಬನವಾಸಿ ಹತ್ತಿರ ಹತ್ತಿರ ಒಂದು ಹರದಾರಿ. ಬನವಾಸಿಯಿಂದ ಶಿರಸಿ ಒಂದು ಗಾವುದ ದಾಟಿ ಸ್ವಲ್ಪ ಮುಂದೆ. ಆದರೆ ಹರದಾರಿಯನ್ನು ಯಾರೂ ಹಗ್ಗ ಹಿಡಿದು ಅಳೆದಿರಲಿಲ್ಲ. ನಡೆದು ಗೊತ್ತಿತ್ತು, ಅಷ್ಟೇ. ಘಟ್ಟದ ಮೇಲಿನ ಅಡಿಕೆ, ಮೆಣಸು ಹೇರೆತ್ತಿನ ಮೇಲೆ ಕುಮಟೆಗೆ ಇಳಿದು, ಅಲ್ಲಿಂದ ಉಪ್ಪು ಮೇಲೆ ಬರುತ್ತಿದ್ದ ಕಾಲ ನೆನೆಸಿಕೊಳ್ಳಿ. ದೇವಿಮನೆ ಘಟ್ಟ ಇಳಿಯುವಾಗಿನ ಒಂದು ಹರದಾರಿ ಬೇರೆ, ಹೇರು ಹೊತ್ತು ಹತ್ತುವಾಗಿನ ಹರದಾರಿ ಬೇರೆ. ಇದನ್ನು ದಡ್ಡತನ ಅನ್ನೋ ಹಾಗಿಲ್ಲ. ನಡೆಯುವವನಿಗೆ ಬೇಕಾದದ್ದು ಎಷ್ಟು ಅಡಿ ಅನ್ನೋದಲ್ಲ, ಕತ್ತಲಾಗುವುದರೊಳಗೆ ಮುಟ್ಟುತ್ತೇನಾ ಅನ್ನೋದು. ಅದಕ್ಕೆ ಆ ಅಳತೆ ಸರಿಯಾದ ಉತ್ತರ ಕೊಡುತ್ತಿತ್ತು. ನಮ್ಮ ಹಿರಿಯರು ‘ಒಂದು ಕವಳ ಹಾಕುವಷ್ಟು ದೂರ’ ಅನ್ನುತ್ತಿದ್ದದ್ದೂ ಇದೇ ಲೆಕ್ಕ. ದೂರವನ್ನು ಹೊತ್ತಿನಲ್ಲಿ ಹೇಳೋದು.

ಏಳನೇ ಶತಮಾನದಲ್ಲಿ ಭಾರತ ಸುತ್ತಿದ ಚೀನಾದ ಹ್ಯುಯೆನ್ ತ್ಸಾಂಗ್ ಇದನ್ನು ಚೆನ್ನಾಗಿ ಗಮನಿಸಿದ್ದ. ಯೋಜನ ಅಂದರೆ ರಾಜನ ಸೈನ್ಯ ಒಂದು ದಿನಕ್ಕೆ ನಡೆಯುವ ದೂರ ಅಂತ ಬರೆದುಕೊಂಡ. ಅದನ್ನು ತನ್ನ ದೇಶದ ‘ಲೀ’ ಲೆಕ್ಕಕ್ಕೆ ತಿರುಗಿಸುವಾಗ ಮೂರು ಬೇರೆ ಬೇರೆ ಸಂಖ್ಯೆ ಕೊಟ್ಟ. ಹಳೆಯ ಬರಹಗಳ ಪ್ರಕಾರ 40, ಜನ ಬಳಸೋ ಪ್ರಕಾರ 30, ಧರ್ಮಗ್ರಂಥಗಳ ಪ್ರಕಾರ 16. ಒಂದೇ ಹೆಸರು, ಒಂದಕ್ಕೂ ಇನ್ನೊಂದಕ್ಕೂ ಎರಡೂವರೆ ಪಟ್ಟಿನವರೆಗೆ ವ್ಯತ್ಯಾಸ! ಪುರಾಣದ ಯೋಜನಗಳನ್ನು ಕಿಲೋಮೀಟರಿಗೆ ತಂದು ವಾದ ಮಾಡುವವರು ಈ ಒಂದು ಸಾಲನ್ನು ನೆನಪಿಟ್ಟುಕೊಳ್ಳಬೇಕು.

ಈಗ ಮೈಲಿಗೆ ಬರೋಣ. ಶಬ್ದ ಹುಟ್ಟಿದ್ದು ರೋಮಿನಲ್ಲಿ. ಲ್ಯಾಟಿನ್‌ನಲ್ಲಿ ‘ಮಿಲ್ಲೆ ಪಾಸ್ಸುಸ್’ ಅಂದರೆ ಸಾವಿರ ಹೆಜ್ಜೆ. ಅವರ ಲೆಕ್ಕದಲ್ಲಿ ಹೆಜ್ಜೆ ಅಂದರೆ ಜೋಡಿ ಹೆಜ್ಜೆ. ಎಡಗಾಲು ಎತ್ತಿದ ಜಾಗದಿಂದ ಮತ್ತೆ ಎಡಗಾಲು ಊರುವ ಜಾಗದವರೆಗೆ, ಐದು ಅಡಿ. ಅಂಥ ಸಾವಿರಕ್ಕೆ ಐದು ಸಾವಿರ ರೋಮನ್ ಅಡಿ, ಇವತ್ತಿನ ಲೆಕ್ಕದಲ್ಲಿ ಸುಮಾರು 1,480 ಮೀಟರ್. ಅಂದರೆ ಮೈಲಿ ಅನ್ನೋ ಶಬ್ದದಲ್ಲಿ ದೂರವೇ ಇಲ್ಲ, ‘ಸಾವಿರ’ ಮಾತ್ರ ಇದೆ. ಏನು ಸಾವಿರ ಅನ್ನೋದು ಉದುರಿಹೋಗಿದೆ. ಸಿಪಾಯಿಗಳ ಕಾಲು ಎಣಿಸಿ ಮಾಡಿದ ಅಳತೆ ಇದು. ದಾರಿಯ ಪಕ್ಕ ಕಲ್ಲು ನೆಟ್ಟು ಸಂಖ್ಯೆ ಕೆತ್ತಿದವರೂ ಅವರೇ.

ರೋಮನ್ನರ ಆಳ್ವಿಕೆ ಹೋಯ್ತು, ಶಬ್ದ ಉಳೀತು. ಆಮೇಲೆ ಒಂದೊಂದು ರಾಜ್ಯಕ್ಕೂ ಒಂದೊಂದು ಮೈಲಿ. ಐರ್ಲೆಂಡಿನದು 2,240 ಗಜ, ಇಂಗ್ಲೆಂಡಿನದು 1,760 ಗಜ. ಜರ್ಮನಿಯ ಹಳೆಯ ಮೈಲಿ ಏಳೂವರೆ ಕಿಲೋಮೀಟರ್ ಆಸುಪಾಸು. ಸ್ವೀಡನ್, ನಾರ್ವೆಯಲ್ಲಿ ಇವತ್ತಿಗೂ ಮಾತಿನಲ್ಲಿ ‘ಮಿಲ್’ ಅಂದರೆ ಹತ್ತು ಕಿಲೋಮೀಟರ್. ಅಲ್ಲಿ ಯಾರಾದರೂ ‘ಇಲ್ಲೇ ಒಂದು ಮೈಲಿ’ ಅಂದರೆ ನಂಬಿ ನಡೆಯೋದಕ್ಕೆ ಹೊರಡಬೇಡಿ! ಸಮುದ್ರದ ಮೈಲಿ ಇನ್ನೊಂದು. ಅದು ಭೂಮಿಯ ಸುತ್ತಳತೆಯಿಂದ ತೆಗೆದದ್ದು. ಈಗ 1,852 ಮೀಟರ್ ಅಂತ ನಿಗದಿಯಾಗಿದೆ. ಕಾರವಾರ, ಕುಮಟಾ ಕಡೆಯ ದೋಣಿಯವರು ‘ನಾಟಿಕಲ್ ಮೈಲಿ’ ಅನ್ನೋದು ಅದನ್ನೇ.

ಹೀಗೆ ಮೈಲಿ ಮೈಲಿಗೂ ವ್ಯತ್ಯಾಸ ಇರೋದರಿಂದ ಏನಾಗಬಹುದು ಅನ್ನೋದಕ್ಕೆ ಕೊಲಂಬಸ್ಸನೇ ಉದಾಹರಣೆ. ಅವನು 1492ರಲ್ಲಿ ಹೊರಟದ್ದು ಪೂರ್ವದೇಶಗಳಿಗೆ, ಅಂದರೆ ಸಂಬಾರ ಪದಾರ್ಥ ಸಿಗುವ ಈ ಕಡೆಗೆ. ಭೂಮಿಯ ಸುತ್ತಳತೆಗೆ ಅವನು ನೆಚ್ಚಿಕೊಂಡದ್ದು ಅಲ್ ಫರ್ಗಾನಿ ಅನ್ನೋ ಮಧ್ಯ ಏಷ್ಯಾದ ಖಗೋಳ ಪಂಡಿತನ ಲೆಕ್ಕ. ಒಂದು ಡಿಗ್ರಿಗೆ ಐವತ್ತಾರು ಮುಕ್ಕಾಲಿಗೆ ಸ್ವಲ್ಪ ಕಡಿಮೆ ಮೈಲಿ ಅನ್ನೋ ಲೆಕ್ಕ ಅದು. ಲೆಕ್ಕ ಕೆಟ್ಟದ್ದೇನಲ್ಲ. ಆದರೆ ಅದು ಅರಬ್ಬರ ಮೈಲಿ, ಇಟಲಿಯವರ ಮೈಲಿಗಿಂತ ಉದ್ದ. ಕೊಲಂಬಸ್ ಅದನ್ನು ತನ್ನ ಊರಿನ ಮೈಲಿ ಅಂತ ಹಿಡಿದ. ಭೂಮಿ ಕಾಲು ಭಾಗದಷ್ಟು ಸಣ್ಣದಾಯ್ತು, ಏಷ್ಯಾ ಎದುರು ಮನೆಯ ಅಂಗಳದಷ್ಟು ಹತ್ತಿರ ಕಂಡಿತು. ನಡುವೆ ಅಮೆರಿಕ ಸಿಗದೇ ಇದ್ದಿದ್ದರೆ ನೀರು, ಊಟ ಮುಗಿದು ಸಮುದ್ರದಲ್ಲೇ ಸಾಯುತ್ತಿದ್ದರು. ಲೆಕ್ಕದಲ್ಲಿ ಸಂಖ್ಯೆ ಸರಿ ಇತ್ತು. ಯಾರ ಮೈಲಿ ಅಂತ ಕೇಳಲಿಲ್ಲ, ಅಷ್ಟೇ.

ಈಗ ರೈತರಾದ ನಮಗೆ ಬೇಕಾದ ಭಾಗ. ಇಂಗ್ಲಿಷರ ಮೈಲಿ 5,280 ಅಡಿ ಯಾಕೆ? ಐದು ಸಾವಿರ ಅಂತ ಪೂರ್ತಿ ಸಂಖ್ಯೆ ಇದ್ದದ್ದನ್ನು ಬಿಟ್ಟು ಈ ವಕ್ರ ಸಂಖ್ಯೆ ಎಲ್ಲಿಂದ ಬಂತು? ಬಂದದ್ದು ನೇಗಿಲಿನಿಂದ.

ನಾವು ಫರ್ಲಾಂಗು ಅನ್ನುತ್ತೇವಲ್ಲ, ಆ ಶಬ್ದದ ಮೂಲ ಅರ್ಥ ‘ನೇಗಿಲ ಸಾಲಿನ ಉದ್ದ’. ಇಂಗ್ಲೆಂಡಿನ ಅಂಟು ಮಣ್ಣಿನಲ್ಲಿ ಎಂಟು ಎತ್ತಿನವರೆಗೆ ಕಟ್ಟಿ ದೊಡ್ಡ ನೇಗಿಲು ಎಳೆಸುತ್ತಿದ್ದರು. ಅಷ್ಟು ಎತ್ತನ್ನು ಕೊನೆಯಲ್ಲಿ ತಿರುಗಿಸೋದು ಸುಲಭದ ಕೆಲಸವಲ್ಲ. ಹಾಗಾಗಿ ಸಾಲು ಎಷ್ಟು ಉದ್ದ ಹೋದರೆ ಅಷ್ಟು ಒಳ್ಳೇದು, ತಿರುಗಿಸುವುದು ಕಡಿಮೆ ಆಗ್ತದೆ. ಹಾಗೆ ರೂಢಿಯಾದ ಸಾಲಿನ ಉದ್ದ 660 ಅಡಿ. ಅದೇ ಒಂದು ಫರ್ಲಾಂಗು. ಆ ಉದ್ದಕ್ಕೆ 66 ಅಡಿ ಅಗಲದ ಪಟ್ಟಿ ಒಂದು ಎಕರೆ. ನಮ್ಮ ಪಹಣಿಯಲ್ಲಿ ಕೂತಿರುವ ಎಕರೆ ಹುಟ್ಟಿದ್ದು ಹಾಗೆ. ಯಾರದೋ ಎತ್ತು, ಯಾರದೋ ಮಣ್ಣು. ನಮ್ಮ ಕಡೆ ಎರಡೇ ಎತ್ತು, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಗದ್ದೆ. ನಾಲ್ಕು ಮಾರಿಗೆ ಒಂದು ತಿರುವು. ಫರ್ಲಾಂಗು ನಮ್ಮಲ್ಲಿ ಹುಟ್ಟೋದಕ್ಕೆ ಸಾಧ್ಯವೇ ಇರಲಿಲ್ಲ.

ಆದರೆ ಅದರ ನೆಂಟ ಒಬ್ಬ ನಮ್ಮಲ್ಲೂ ಇದ್ದ. ಕದಂಬರ ದಾನಶಾಸನಗಳಲ್ಲಿ ನೆಲ ಅಳೆಯುವ ಶಬ್ದ ‘ನಿವರ್ತನ’. ಇಷ್ಟು ನಿವರ್ತನ ನೆಲ ಬಸದಿಗೆ, ಇಷ್ಟು ನಿವರ್ತನ ಬ್ರಾಹ್ಮಣರಿಗೆ ಅಂತ ಬರೆಸುತ್ತಿದ್ದರು. ನಿವರ್ತನ ಅಂದರೆ ಶಬ್ದಾರ್ಥದಲ್ಲಿ ತಿರುಗುವುದು, ಹಿಂದಕ್ಕೆ ಬರುವುದು. ನೌಕರರ ‘ನಿವೃತ್ತಿ’ಯ ಬೇರೂ ಅದೇ. ನೆಲದ ಅಳತೆಗೆ ‘ತಿರುಗುವುದು’ ಅಂತ ಯಾಕೆ ಹೆಸರು? ಎತ್ತು ಹೂಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸಾಲಿನ ತುದಿಗೆ ಹೋಗಿ ಎತ್ತು ತಿರುಗಿಸೋದು ನನ್ನ ಕಣ್ಣ ಮುಂದೆ ಬರ್ತದೆ. ಇಂಗ್ಲಿಷರು ಸಾಲಿಗೆ ಹೆಸರಿಟ್ಟರು, ನಮ್ಮವರು ತಿರುವಿಗೆ ಹೆಸರಿಟ್ಟರು.

ನಮ್ಮ ಊರಿನಲ್ಲೇ ಕದಂಬ ರವಿವರ್ಮನ ಕಲ್ಲುಕಂಬದ ಶಾಸನ ಇದೆ. ಸುಮಾರು ಒಂದೂವರೆ ಸಾವಿರ ವರ್ಷ ಹಳೆಯದು. ಅದನ್ನು ಓದಿ ಬೆಳಕಿಗೆ ತಂದವರು ಡಾ. ಬಿ.ಆರ್. ಗೋಪಾಲ್. ಕಾಮನಿಗೆ ಕಟ್ಟಿಸಿದ ಆಲಯದ ವಿಚಾರ, ಗುಡ್ಡತಟಾಕ ಅನ್ನೋ ಕೆರೆಯ ಹೆಸರು ಅದರಲ್ಲಿ ಬರ್ತದೆ. ಇವತ್ತು ನಾವು ಗುಡ್ನಾಪುರದ ಕೆರೆ ಅನ್ನೋ ನೀರಿನ ದಂಡೆಯಲ್ಲಿ ನಿಂತು ಅಳತೆಯ ಮಾತಾಡುವಾಗ, ಇಲ್ಲಿ ನೆಲ ಅಳೆದವರಲ್ಲಿ ನಾವು ಮೊದಲಿಗರಲ್ಲ ಅನ್ನೋದು ನೆನಪಿರಲಿ.

ನಿವರ್ತನ ಎಷ್ಟು ದೊಡ್ಡದು? ಕೌಟಿಲ್ಯನ ಪ್ರಕಾರ ಒಂದು ಕಡೆಗೆ ಮೂವತ್ತು ದಂಡ. ಬೇರೆ ಗ್ರಂಥಗಳಲ್ಲಿ ಬೇರೆ. ದಂಡ ಅಂದರೆ ಅಳೆಯುವ ಕೋಲು. ಮಜಾ ಇರೋದು ಇಲ್ಲೇ. ಕೌಟಿಲ್ಯ ಒಂದೇ ಕೋಲು ಹೇಳೋದಿಲ್ಲ. ಸಾಮಾನ್ಯ ಕೋಲು 96 ಅಂಗುಲ. ದಾರಿ, ಕೋಟೆಗೋಡೆ ಅಳೆಯೋದಕ್ಕೆ 108 ಅಂಗುಲದ ಕೋಲು. ಬ್ರಹ್ಮದೇಯ ಅಂತ ದಾನ ಕೊಡುವ ನೆಲಕ್ಕೆ ಅದಕ್ಕಿಂತಲೂ ದೊಡ್ಡ ಕೋಲು. ಅಂದರೆ ದಾನ ಪಡೆದವನ ಒಂದು ನಿವರ್ತನ ನಿಜವಾಗಿ ಹೆಚ್ಚು ನೆಲ. ಹೆಸರು ಒಂದೇ, ಕೋಲು ಬದಲು. ಕಾಗದ ನೋಡಿದವನಿಗೆ ಗೊತ್ತಾಗೋದಿಲ್ಲ, ಕೋಲು ನೋಡಿದವನಿಗೆ ಮಾತ್ರ ಗೊತ್ತಾಗ್ತದೆ.

ಇಂಗ್ಲೆಂಡಿನಲ್ಲೂ ಇದೇ ತಕರಾರು ಬಂತು. ದಾರಿಯ ಮೈಲಿ ರೋಮನ್ನರ ಲೆಕ್ಕದ್ದು, ಐದು ಸಾವಿರ ಅಡಿ. ಹೊಲದ ಅಳತೆ ಫರ್ಲಾಂಗಿನದು. ಮೈಲಿಗೆ ಎಂಟು ಭಾಗ ಅನ್ನೋ ರೂಢಿ ಮೊದಲಿನಿಂದ ಇತ್ತು. ಆದರೆ ಎಂಟು ಫರ್ಲಾಂಗು ಕೂಡಿಸಿದರೆ 5,280 ಅಡಿ ಆಗ್ತದೆ, 5,000 ಅಲ್ಲ. ಎರಡರಲ್ಲಿ ಒಂದು ಬಗ್ಗಬೇಕಿತ್ತು. ಫರ್ಲಾಂಗನ್ನು ಕಡಿಮೆ ಮಾಡಿದರೆ ದೇಶದ ಎಲ್ಲ ಹೊಲಗಳ ಪತ್ರ, ಎಲ್ಲ ತೆರಿಗೆಯ ಲೆಕ್ಕ ತಲೆಕೆಳಗಾಗ್ತದೆ. ಹಾಗಾಗಿ 1593ರಲ್ಲಿ, ಎಲಿಜಬೆತ್ ರಾಣಿಯ ಕಾಲದಲ್ಲಿ, ಕಾನೂನು ಮಾಡಿ ಮೈಲಿಯನ್ನೇ ಉದ್ದ ಮಾಡಿದರು. ಎಂಟು ಫರ್ಲಾಂಗಿಗೆ ಒಂದು ಮೈಲಿ. ದಾರಿಯ ಅಳತೆ ಹೊಲದ ಅಳತೆಗೆ ತಲೆ ಬಗ್ಗಿಸಿತು. ರಾಣಿಗೂ ರೈತನ ಬದು ಸರಿಸೋದು ಸುಲಭ ಇರಲಿಲ್ಲ.

1620ರ ಹೊತ್ತಿಗೆ ಎಡ್ಮಂಡ್ ಗಂಟರ್ ಅನ್ನೋ ಗಣಿತದವನು 66 ಅಡಿಯ ಸರಪಳಿ ಮಾಡಿದ, ನೂರು ಕೊಂಡಿಯದ್ದು. ಹತ್ತು ಸರಪಳಿಗೆ ಫರ್ಲಾಂಗು, ಎಂಬತ್ತು ಸರಪಳಿಗೆ ಮೈಲಿ. ಹತ್ತು ಚದರ ಸರಪಳಿಗೆ ಎಕರೆ. ಹೊಲ, ದಾರಿ ಎರಡೂ ಒಂದೇ ಸರಪಳಿಗೆ ಸಿಕ್ಕಿದವು. ಅದೇ ಸರಪಳಿ ಹಡಗು ಹತ್ತಿ ಇಲ್ಲಿಗೆ ಬಂತು.

ಆ ಬದಲಾವಣೆ ನಮ್ಮ ಸೀಮೆಗೆ ಬರುವ ಹೊಸ್ತಿಲಿನಲ್ಲಿ ಇಬ್ಬರು ನಿಂತಿದ್ದಾರೆ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಈ ಭಾಗ ಕಂಪನಿಗೆ ಹೋಯ್ತು. ಹೊಸ ಸೀಮೆಯಲ್ಲಿ ಏನೇನು ಬೆಳೀತದೆ ನೋಡಿಕೊಂಡು ಬಾ ಅಂತ ಫ್ರಾನ್ಸಿಸ್ ಬುಕಾನನ್ ಅನ್ನೋ ವೈದ್ಯನನ್ನು ಕಳಿಸಿದರು. ಅವನು 1801ರ ಮಾರ್ಚಿನಲ್ಲಿ ಸೋದೆ, ಶಿರಸಿ, ಬನವಾಸಿ ಕಡೆ ಬಂದು ಅಡಿಕೆ ತೋಟದ ವಿವರ ಎಲ್ಲ ಬರೆದುಕೊಂಡ. ಸ್ಕಾಟ್ಲೆಂಡಿನವನಾದರೂ ದಿನದ ಪಯಣವನ್ನು ಬರೆದದ್ದು ಕೋಸಿನಲ್ಲಿ, ಯಾಕೆಂದರೆ ದಾರಿ ತೋರಿಸುವ ಜನ ಹೇಳುತ್ತಿದ್ದದ್ದು ಹಾಗೆ. ಮಾರನೇ ವರ್ಷ, 1802ರಲ್ಲಿ, ವಿಲಿಯಂ ಲ್ಯಾಂಬ್ಟನ್ ಮದ್ರಾಸಿನ ಹತ್ತಿರ ಉಕ್ಕಿನ ಸರಪಳಿ ಹಾಸಿ ದೇಶ ಅಳೆಯೋದಕ್ಕೆ ಶುರು ಮಾಡಿದ. ಬರೀ ಏಳೂವರೆ ಮೈಲಿ ಅಳೆಯಲು ತಿಂಗಳಿಗಿಂತ ಹೆಚ್ಚು ಹಿಡಿಯಿತು. ಒಬ್ಬ ಕೇಳಿ ಬರೆದ, ಇನ್ನೊಬ್ಬ ಯಾರನ್ನೂ ಕೇಳದೆ ಅಳೆದ. ಅಲ್ಲಿಂದ ಮುಂದೆ ಗೆದ್ದದ್ದು ಎರಡನೆಯವನ ರೀತಿ.

ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಹೋಯ್ತು. ಹಾಗಾಗಿ ನಮ್ಮ ಸರ್ವೆ ಮುಂಬೈ ಪದ್ಧತಿಯದು. ಅವರು ಗಂಟರನ ಸರಪಳಿಯ ಅರ್ಧ, 33 ಅಡಿಯದನ್ನು ಬಳಸಿದರು. 33 ಅಡಿಗೆ 33 ಅಡಿ ಒಂದು ಗುಂಟೆ, 1,089 ಚದರ ಅಡಿ. ಗುಂಟೆಗೆ ಹದಿನಾರು ಆಣೆ, ಎಕರೆಗೆ ನಲವತ್ತು ಗುಂಟೆ. ರೂಪಾಯಿಯ ಆಣೆ 1957ರಲ್ಲಿ ಹೋದರೂ ಪಹಣಿಯ ಆಣೆ ಹೋಗಲಿಲ್ಲ. 1956ರಲ್ಲಿ ಅಳತೆ ತೂಕದ ಕಾನೂನು ಬಂದು ಮೀಟರ್, ಕಿಲೋ ದೇಶದ ಅಳತೆ ಆಯ್ತು. ಆಮೇಲಿನ ವರ್ಷಗಳಲ್ಲಿ ರಸ್ತೆ ಪಕ್ಕದ ಕಲ್ಲಿನ ಮೇಲೆ ಮೈಲಿ ಅಳಿಸಿ ಕಿಲೋಮೀಟರ್ ಬರೆದರು. ಕಲ್ಲಿಗೆ ಹೆಸರು ಮಾತ್ರ ಮೈಲಿಗಲ್ಲೇ. ಬೈಕು ಕಿಲೋಮೀಟರ್ ಓಡಿದರೂ ಕೊಡೋದು ‘ಮೈಲೇಜು’. ದಾರಿ ಬದಲಾಯ್ತು, ಹೊಲ ಬದಲಾಗಲಿಲ್ಲ. 1593ರಲ್ಲಿ ಇಂಗ್ಲೆಂಡಿನಲ್ಲಿ ನಡೆದದ್ದೇ ಇಲ್ಲೂ ನಡೆಯಿತು.

ಈ ಹಳೆಯ ಅಳತೆ ಉಪಯೋಗಕ್ಕೂ ಬರ್ತದೆ. 33 ಅಡಿ ಅಗಲದ ರಸ್ತೆ ಒಂದು ಮೈಲಿ ಹೋದರೆ ಎಷ್ಟು ನೆಲ ಹೋಗ್ತದೆ? ಕ್ಯಾಲ್ಕುಲೇಟರ್ ಬೇಡ. ಮೈಲಿಗೆ 33 ಅಡಿಯ ಸರಪಳಿ 160. ಪ್ರತಿ ಸರಪಳಿಗೆ ಒಂದು ಗುಂಟೆ. 160 ಗುಂಟೆ, ಅಂದರೆ ಸರಿಯಾಗಿ ನಾಲ್ಕು ಎಕರೆ. ಕಿಲೋಮೀಟರಿಗೆ ಎರಡೂವರೆ ಎಕರೆಗೆ ಒಂದು ಗುಂಟೆಯಷ್ಟೂ ಕಡಿಮೆ ಬೀಳೋದಿಲ್ಲ. ರಸ್ತೆ ಅಗಲ ಮಾಡುವ ಮಾತು ಬಂದಾಗ ಈ ಲೆಕ್ಕ ಬಾಯಲ್ಲೇ ಹಾಕಿಕೊಳ್ಳಬಹುದು.

ಈಗ ಆ ಮಜರೆಯ 900 ಮೀಟರಿಗೆ ಬರ್ತೇನೆ. ಕಾಗದದವರು ನೇರ ಗೆರೆ ಎಳೆದದ್ದು ಬೇಕಂತಲೇ ಮಾಡಿದ ಅನ್ಯಾಯ ಅಂತ ಮೊದಲು ಎಲ್ಲರೂ ಸಿಟ್ಟಾದರು. ಓದಿ ನೋಡಿದರೆ ಅದಕ್ಕೂ ಒಂದು ಆಧಾರ ಇದೆ. 1897ರ ಜನರಲ್ ಕ್ಲಾಸಸ್ ಆಕ್ಟ್ ಅಂತ ಒಂದು ಕಾನೂನು. ಬೇರೆ ಕಾನೂನುಗಳನ್ನು ಹೇಗೆ ಓದಬೇಕು ಅಂತ ಹೇಳುವ ಕಾನೂನು ಅದು. ಅದರ 11ನೇ ಕಲಮಿನ ಪ್ರಕಾರ, ಕೇಂದ್ರದ ಕಾನೂನಿನಲ್ಲಿ ದೂರ ಅಂತ ಬಂದರೆ, ಬೇರೆ ಉದ್ದೇಶ ಕಾಣದೇ ಇದ್ದರೆ, ಅದನ್ನು ನೇರ ಗೆರೆಯಲ್ಲಿ, ಸಮತಟ್ಟಾಗಿ ಅಳೆಯಬೇಕು. ಅಂದರೆ ಕಾನೂನಿನ ಕಣ್ಣಿಗೆ ಗುಡ್ಡ ಇಲ್ಲ, ಹಳ್ಳ ಇಲ್ಲ, ಕೆರೆ ಇಲ್ಲ. ದೇವಿಮನೆ ಘಟ್ಟವೂ ಚಪ್ಪಟೆ. ಕಾಗೆ ಹಾರಿದ ದಾರಿಯೇ ದಾರಿ.

ಆದರೆ ಆ ಕಲಮಿನೊಳಗೇ ಬಾಗಿಲೂ ಇದೆ: ‘ಬೇರೆ ಉದ್ದೇಶ ಕಾಣದೇ ಇದ್ದರೆ’. ಮಕ್ಕಳ ಶಿಕ್ಷಣ ಹಕ್ಕಿನ ಕಾನೂನು 2009ರದ್ದು. ಅದರ ಕೆಳಗೆ ಕೇಂದ್ರ 2010ರಲ್ಲಿ ಮಾಡಿದ ನಿಯಮಗಳಲ್ಲಿ ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಶಾಲೆ ಒಂದು ಕಿಲೋಮೀಟರ್, ಆರರಿಂದ ಎಂಟಕ್ಕೆ ಮೂರು ಕಿಲೋಮೀಟರ್ ಒಳಗೆ ಇರಬೇಕು ಅಂತ ಇದೆ. ಬರೀ ದೂರ ಅಂತ ಹೇಳಿ ಬಿಟ್ಟಿಲ್ಲ, ‘ನಡೆದು ಹೋಗುವ ದೂರ’ ಅಂತ ಬರೆದಿದ್ದಾರೆ. ಕಷ್ಟದ ಜಾಗ, ಭೂಕುಸಿತ, ನೆರೆ, ರಸ್ತೆ ಇಲ್ಲದ ಕಡೆ ಮಕ್ಕಳಿಗೆ ಅಪಾಯ ಆಗದ ಹಾಗೆ ಆ ಮಿತಿಯನ್ನು ಇನ್ನೂ ಕಡಿಮೆ ಮಾಡಬೇಕು ಅಂತಲೂ ಇದೆ. ಆ ‘ನಡೆದು’ ಅನ್ನೋ ಒಂದು ಶಬ್ದಕ್ಕೆ ನಮ್ಮ ಮಜರೆಯ ಮಟ್ಟಿಗೆ ಒಂದೂವರೆ ಕಿಲೋಮೀಟರ್ ಬೆಲೆ ಇದೆ.

ಹಾಗಾಗಿ ಅರ್ಜಿಯಲ್ಲಿ ನಾವು ಗಲಾಟೆ ಮಾಡಲಿಲ್ಲ, 900 ಮೀಟರ್ ಸುಳ್ಳು ಅಂತಲೂ ಬರೆಯಲಿಲ್ಲ. ನೇರ ದೂರ ಇಷ್ಟು, ಬೇಸಿಗೆಯಲ್ಲಿ ಗದ್ದೆ ಅಂಚಿನ ಮೇಲೆ ನಡೆದರೆ ಇಷ್ಟು, ಮಳೆಗಾಲದಲ್ಲಿ ಹಳ್ಳ ತುಂಬಿ ಸೇತುವೆ ಸುತ್ತಿದರೆ ಇಷ್ಟು ಅಂತ ಮೂರನ್ನೂ ಬೇರೆ ಬೇರೆ ಬರೆದೆವು. ಮೂರನೆಯದನ್ನು ಅಳೆಯಲಿಕ್ಕೆ ಸರ್ವೆ ಟೇಪು ಹಿಡಿದು ನಡೆದವರು ಆ ತಾಯಂದಿರೇ. 2,380 ಮೀಟರ್ ಬಂತು. ಅವರು ಬಾಯಲ್ಲಿ ಹೇಳಿದ್ದ ಒಂದೂವರೆ ಮೈಲಿಯನ್ನು ಲೆಕ್ಕ ಹಾಕಿದರೆ 2,414 ಮೀಟರ್. ಕಾಲಿಗೆ ಗೊತ್ತಿದ್ದ ಅಳತೆ ಮೂವತ್ನಾಲ್ಕು ಮೀಟರ್ ಮಾತ್ರ ತಪ್ಪಿತ್ತು. ಅರ್ಜಿಗೆ ಉತ್ತರ ಇನ್ನೂ ಬಂದಿಲ್ಲ. ಶಾಲೆ ಈ ವರ್ಷ ಬಾಗಿಲು ತೆರೆದಿದೆ.

ಇಷ್ಟು ಉದ್ದಕ್ಕೆ ಬರೆದದ್ದು ಯಾಕೆಂದರೆ ದೂರದ ಪ್ರಶ್ನೆ ಶಾಲೆಗೆ ಮಾತ್ರ ಬರೋದಲ್ಲ. ಬಗರ್‌ಹುಕುಂ ಅರ್ಜಿಗೆ ಪಟ್ಟಣದ ಗಡಿಯಿಂದ ಎಷ್ಟು ದೂರ ಅಂತ ಕೇಳ್ತಾರೆ. ಕರೆಂಟಿನ ಕಂಬ, ಕಾಡಿನ ಅಂಚು, ಬಾವಿ, ಎಲ್ಲ ಕಡೆ ಇಷ್ಟು ಮೀಟರ್, ಇಷ್ಟು ಕಿಲೋಮೀಟರ್ ಅಂತ ಬರ್ತದೆ. ಸಂಖ್ಯೆ ನೋಡಿದ ಕೂಡಲೇ ಒಪ್ಪಬೇಡಿ, ಜಗಳಕ್ಕೂ ಹೋಗಬೇಡಿ. ಎಲ್ಲಿಂದ ಎಲ್ಲಿಗೆ ಅಳೆದದ್ದು, ನೇರವಾಗಿಯಾ ರಸ್ತೆ ಮೇಲೆಯಾ, ಯಾವ ನಿಯಮದ ಪ್ರಕಾರ, ಈ ಮೂರು ಪ್ರಶ್ನೆ ಬರವಣಿಗೆಯಲ್ಲಿ ಕೇಳಿ. ರಾಜ್ಯದ ಕಾನೂನಾದರೆ ಆ ಕಾನೂನಿನಲ್ಲೇ ದೂರ ಹೇಗೆ ಅಳೆಯಬೇಕು ಅಂತ ಹೇಳಿದೆಯಾ ನೋಡಿಸಿ. ಕೆಲವು ಸಲ ನೇರ ಗೆರೆಯೇ ನಮಗೆ ಅನುಕೂಲ ಇರಬಹುದು, ಆಗ ಅದನ್ನೂ ಗೊತ್ತಿದ್ದೇ ಒಪ್ಪಿಕೊಳ್ಳಿ.

ಇನ್ನೊಂದು ಮಾತು. ಮನೆಯಲ್ಲಿ ಹಳೆಯ ವಿಭಾಗಪತ್ರ, ಟಿಪ್ಪಣಿ, ಚಕ್ಕುಬಂದಿ ಕಾಗದ ಇದ್ದರೆ ಅದರಲ್ಲಿ ಬರೆದ ಸರಪಳಿ, ಆಣೆ, ಮಾರು ಇದನ್ನೆಲ್ಲ ಹಾಗೇ ಇಟ್ಟುಕೊಳ್ಳಿ. ಮೀಟರಿಗೆ ತಿರುಗಿಸಿ ಬರೆದು ಮೂಲ ಕಾಗದವನ್ನು ಗೆದ್ದಲಿಗೆ ಬಿಡಬೇಡಿ. ಓದೋದಕ್ಕೆ ಬರುವ ಹಿರಿಯರು ಇರುವಾಗಲೇ ಪಕ್ಕದಲ್ಲಿ ಕೂತು, ಯಾವ ಅಳತೆ, ಎಲ್ಲಿಂದ ಹಿಡಿದದ್ದು ಅಂತ ಕೇಳಿ ಬೇರೆ ಹಾಳೆಯಲ್ಲಿ ಬರೆದಿಡಿ.

ನಿಮ್ಮ ಊರಲ್ಲಿ ಹರದಾರಿ ಅಂದರೆ ಎಷ್ಟು? ಯಲ್ಲಾಪುರ ಕಡೆಯವರದ್ದೂ ಸಿದ್ದಾಪುರ ಕಡೆಯವರದ್ದೂ ಒಂದೇನಾ? ಮನೆಯ ಅಜ್ಜಂದಿರನ್ನು ಕೇಳಿ ತಿಳಿಸಿ. ಎಲ್ಲಿಂದ ಎಲ್ಲಿಗೆ ಅಂತ ಊರಿನ ಹೆಸರು ಹಾಕಿಯೇ ಹೇಳಿ. ಇಲ್ಲದಿದ್ದರೆ ಯಾರ ಹರದಾರಿ ಅಂತ ಮತ್ತೆ ನಾನೇ ಕೇಳಬೇಕಾಗ್ತದೆ.